ನಾನೂರ ಹನ್ನೆರಡು ಕುರ್ಚಿ, ಹನ್ನೊಂದು ದಿನ

ಕುರ್ಚಿಯಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಮೊದಲ ಸಲ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ ದಿನ ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. ನಾನು ಒಬ್ಬ ವಕೀಲೆಯ ಬಳಿ ಟೈಪಿಂಗ್ ಮಾಡುವವಳು. ಹದಿನಾಲ್ಕು ವರ್ಷದಿಂದ ಊರವರ ಜಗಳಗಳನ್ನೆಲ್ಲ ಟೈಪು ಮಾಡಿ ಮಾಡಿ ನನ್ನ ಕಿವಿ ದಪ್ಪವಾಗಿದೆ. ಕೂಗಾಡುವವರ ಸಿಟ್ಟು ಕೆಳಗಿನ ಅಂಗಡಿಯಲ್ಲಿ ಒಂದು ಕಾಫಿ ಕುಡಿಯುವಷ್ಟರಲ್ಲಿ ಆರಿರುತ್ತದೆ. ಇವಳದು ಅಂಥದ್ದಲ್ಲ ಎಂದು ನೋಡಿದಾಗಲೇ ಗೊತ್ತಾಯಿತು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮೇಜಿನ ಅಂಚನ್ನೇ ನೋಡುತ್ತ, ಒಂದೊಂದೇ ಮಾತನ್ನು ಎತ್ತಿಡುತ್ತಿದ್ದಳು. ಅವಳ ಪಾಲಿನ ಕೂಗಾಟವನ್ನೂ ಸೇರಿಸಿ ಜೊತೆಗೆ ಬಂದಿದ್ದ ಅತ್ತೆಯೇ ಕೂಗಾಡುತ್ತಿದ್ದರು.

ವಯಸ್ಸಿನಲ್ಲಿ ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ಆದರೂ ಎಲ್ಲರಿಗೂ ಅವಳು ಅಕ್ಕನೇ, ಕುರ್ಚಿಯಕ್ಕ. ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಹರಿದ ಸೋಫಾ, ಕುಸಿದ ಕುರ್ಚಿ, ಬಸ್ಸಿನ ಸೀಟು, ಹಲ್ಲಿನ ಡಾಕ್ಟರರ ಒರಗು ಕುರ್ಚಿ, ಏನೇ ಬಂದರೂ ಅದರ ಹಳೆಯ ಚರ್ಮ ಸುಲಿದು, ಒಳಗಿನ ಸ್ಪ್ರಿಂಗು ಬಿಗಿದು, ನಾರು ತುಂಬಿ, ಸ್ಪಂಜು ಹಾಸಿ, ಹೊಸ ರೆಕ್ಸಿನ್ನು ಹೊದಿಸಿ ಕೊಡುವುದು ಕಸುಬು. ಅದು ಅವಳ ತವರಿನ ಕಸುಬಲ್ಲ, ಗಂಡನ ಮನೆಯದು. ಮಾವ ತೀರಿಹೋದ ಮೇಲೆ ಅತ್ತೆ ಒಬ್ಬರೇ ಅಂಗಡಿ ನಡೆಸಿದ್ದರು. ಮಗನಿಗೆ ಕಲಿಸಲು ನೋಡಿ ಸೋತರು. "ಅವನ ಕೈಗೆ ಸೂಜಿ ಕೊಟ್ರೆ ಒನಕೆ ಹಿಡಿದ ಹಾಗೆ ಹಿಡೀತಾನೆ," ಎನ್ನುತ್ತಿದ್ದರು. ಮಗ ಡಿಪೋದಲ್ಲಿ ಮೆಕ್ಯಾನಿಕ್ ಆದ. ಮದುವೆಯಾಗಿ ಬಂದ ಮೂರನೇ ವಾರ ಸೊಸೆ, ಅತ್ತೆ ಸೋಫಾದ ಕೈಯ ಮೂಲೆ ತಿರುಗಿಸಲಾಗದೆ ಒದ್ದಾಡುತ್ತಿದ್ದುದನ್ನು ನೋಡಿ, "ಕೊಡಿ ಇಲ್ಲಿ" ಎಂದು ಬಾಗಿದ ಸೂಜಿಯನ್ನು ಕೈಗೆ ತೆಗೆದುಕೊಂಡಳು. ಮೂಲೆ ಒಂದು ಸುಕ್ಕೂ ಇಲ್ಲದೆ ಕೂತಿತು. "ನನಗೆ ಮಗ ಯಾಕೆ ಹುಟ್ಟಿದ ಅಂತ ಅವತ್ತು ಅರ್ಥ ಆಯ್ತು," ಎಂದು ಅತ್ತೆ ಈಗಲೂ ಹೇಳುತ್ತಾರೆ, ಮಗ ಎದುರಿಗೇ ಕೂತಿದ್ದರೂ.

ಹೀಗೆ ಇಬ್ಬರೂ ಸೇರಿ ಹನ್ನೆರಡು ವರ್ಷ ದುಡಿದ ಮೇಲೆ ಆ ಸಿನಿಮಾ ಮಂದಿರದ ಕೆಲಸ ಬಂತು.

ಮಂದಿರ ಹಳೆಯದು. ಹೊಸ ಯಜಮಾನ ಅದನ್ನು ಕೊಂಡು ರಿಪೇರಿಗೆಂದು ಮುಚ್ಚಿದ್ದ. ಕೆಳಗಡೆ ನಾನೂರ ಹನ್ನೆರಡು ಕುರ್ಚಿ, ಬಾಲ್ಕನಿಯಲ್ಲಿ ಎಂಬತ್ತಾರು. ಆತನ ಮಾತಿನ ನಯಕ್ಕೆ ಅತ್ತೆ ಮೊದಲ ದಿನವೇ ಆತನಿಗೆ 'ಸಕ್ಕರೆ' ಎಂದು ಹೆಸರಿಟ್ಟರು. ಹೆಂಗಸರಿಬ್ಬರು ಇಷ್ಟು ದೊಡ್ಡ ಕೆಲಸ ಮಾಡಿಯಾರೇ ಎಂದು ಆತನ ಜೊತೆಗಿದ್ದವರು ಅನುಮಾನಪಟ್ಟಾಗ ಸಕ್ಕರೆ ಎದೆ ಮೇಲೆ ಕೈಯಿಟ್ಟು, "ನಮ್ಮ ತಂಗಿ ಮಾಡ್ತಾಳೆ, ನನಗೆ ನಂಬಿಕೆ ಇದೆ," ಎಂದಿದ್ದ. ಆ ಒಂದು ಮಾತಿಗೆ ಅವಳು ಎರಡು ತಿಂಗಳು ಸೊಂಟ ಬಗ್ಗಿಸಿ ದುಡಿದಳು. ಕಾಲು ಭಾಗ ಮುಂಗಡ, ಉಳಿದದ್ದು ಕೆಲಸ ಮುಗಿದ ದಿನ ಎಂದು ಮಾತಾಗಿತ್ತು.

ಆ ಕೆಲಸದ ಬಗ್ಗೆ ಅವಳು ಹೇಳುವುದನ್ನು ಕೇಳಬೇಕು. ಸಾಲು ಸಾಲಾಗಿ ಕುರ್ಚಿ ಬಿಚ್ಚಿ, ಪರದೆಯ ಮುಂದೆ ಗೋಣಿ ಹಾಸಿಕೊಂಡು ಕೂತದ್ದು. ಹಳೆಯ ರೆಕ್ಸಿನ್ ಕತ್ತರಿಸಿದಾಗ ಒಳಗಿಂದ ಬಾಚಣಿಗೆ, ಕೂದಲ ಪಿನ್ನು, ಕಡಲೆ ಸಿಪ್ಪೆ, ಪ್ರೇಮಪತ್ರದ ಅರ್ಧ ಹಾಳೆ ಉದುರಿದ್ದು. ಹದಿನೇಳನೇ ಸಾಲಿನ ಕುರ್ಚಿಯೊಂದರಲ್ಲಿ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತ್ತು. "ಸಿನಿಮಾ ನೋಡಿ ನಕ್ಕವನಿರಬೇಕು, ಹಲ್ಲು ಬಿದ್ದದ್ದು ಗೊತ್ತಾಗದಷ್ಟು," ಎಂದು ಅತ್ತೆ ಅದನ್ನು ತೊಳೆದು ಟಿಕೆಟ್ ಕಿಟಕಿಯ ಮೇಲಿಟ್ಟರಂತೆ, ಹಲ್ಲಿನವರು ಬಂದು ಕೇಳಲಿ ಎಂದು. ಕಡುಕೆಂಪು ರೆಕ್ಸಿನ್. ಪ್ರತಿ ಕುರ್ಚಿಯ ಬೆನ್ನಿಗೆ ಮೂರು ಉದ್ದ ಹೊಲಿಗೆ. ಎಲ್ಲ ಸಾಲುಗಳ ಹೊಲಿಗೆಯೂ ಹಿಂದಿನಿಂದ ನೋಡಿದರೆ ಒಂದೇ ಗೆರೆಯಲ್ಲಿ ಬರಬೇಕೆಂದು ಅವಳ ಹಟ. ಬಂದಿತ್ತು ಕೂಡ.

ಕೆಳಗಿನದು ಮುಗಿಯುವ ಹೊತ್ತಿಗೆ ಸಕ್ಕರೆ ಬಾಲ್ಕನಿಯ ಕೆಲಸಕ್ಕೆ ದರ ಜಗ್ಗಿದ. "ಅದು ಬೇರೆ ಕೆಲಸ ತಂಗಿ. ಬೇರೆ ಆರ್ಡರು, ಬೇರೆ ರೇಟು. ಇದರ ಜೊತೆ ಸೇರಿಸಬೇಡ," ಎಂದು ತಾನೇ ಇನ್ನೊಂದು ಹಾಳೆಯಲ್ಲಿ ಆರ್ಡರು ಬರೆಸಿದ. ಕೆಳಗಿನ ಕೆಲಸ ಮುಗಿದ ನಲವತ್ತನೇ ದಿನಕ್ಕೆ ಬಾಲ್ಕನಿಯೂ ಮುಗಿಯಿತು. ಮಂದಿರದ ಮ್ಯಾನೇಜರು ಎರಡಕ್ಕೂ ಬೇರೆ ಬೇರೆ ಚೀಟಿಯಲ್ಲಿ 'ಕೆಲಸ ಪೂರ್ತಿ ಆಗಿದೆ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿಕೊಟ್ಟರು. ಮಂದಿರ ತೆರೆಯಿತು, ಜನ ಬಂದರು, ಕೂತರು. ಮುಂಗಡ ಬಿಟ್ಟು ಉಳಿದ ಹಣ ಬರಲಿಲ್ಲ.

ರೆಕ್ಸಿನ್ ವ್ಯಾಪಾರಿ ಮಾತ್ರ ಕಾಯುವ ಪೈಕಿಯಲ್ಲ. ಮೂರನೇ ತಿಂಗಳಿಗೆ ಅಂಗಡಿಯ ಮುಂದೆ ಬಂದು ಸ್ಟೂಲು ಎಳೆದುಕೊಂಡು ಕೂತ. ದಪ್ಪ ರೆಕ್ಸಿನ್ ಹೊಲಿಯುವ ದೊಡ್ಡ ಮೆಷೀನನ್ನು ಮಾರಿ ಅವನ ಬಾಕಿ ತೀರಿಸಿದರು. ಆಮೇಲೆ ವರ್ಷಗಟ್ಟಲೆ ಅವಳು ದಪ್ಪ ಹೊಲಿಗೆಯನ್ನೆಲ್ಲ ಕೈಯಲ್ಲೇ ಹಾಕಿದಳು. ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು ಗಂಟಾಯಿತು. ನಮ್ಮ ಕಚೇರಿಗೆ ಬಂದ ದಿನ ಅವಳು ಅರ್ಜಿಗೆ ಸಹಿ ಮಾಡಲು ಪೆನ್ನನ್ನು ತೋರುಬೆರಳು, ನಡುಬೆರಳ ನಡುವೆ ಸಿಗಿಸಿಕೊಂಡಿದ್ದಳು.

ಪ್ರತಿ ತಿಂಗಳ ಮೊದಲ ಸೋಮವಾರ ಅವಳು ಮಂದಿರಕ್ಕೆ ಹೋಗುತ್ತಿದ್ದಳು. ಟಿಕೆಟ್ ಕಿಟಕಿಯ ಮೇಲಿನ ಕೋಣೆಯಲ್ಲಿ ಸಕ್ಕರೆಯ ಆಫೀಸು. ಒಂದು ದಿನವೂ ಆತ ಮುಖ ಸಿಂಡರಿಸಲಿಲ್ಲ. ಎದ್ದು ನಿಂತು ಕೂರಿಸುತ್ತಿದ್ದ. ಕಾಫಿ ತರಿಸುತ್ತಿದ್ದ. "ಅತ್ತೆ ಹೇಗಿದ್ದಾರೆ? ಮಗಳು ಎಷ್ಟನೇ ಕ್ಲಾಸು?" ಎನ್ನುತ್ತಿದ್ದ. ಆಮೇಲೆ, "ಈ ತಿಂಗಳು ಕೈ ಸ್ವಲ್ಪ ಬಿಗಿ ತಂಗಿ. ಮುಂದಿನ ತಿಂಗಳು ಖಂಡಿತ. ನಿನ್ನ ದುಡ್ಡು ಎಲ್ಲಿ ಹೋಗುತ್ತೆ?" ಎನ್ನುತ್ತಿದ್ದ. ಅವಳು ಫೋನಿನಲ್ಲಿ ಮೆಸೇಜು ಕಳಿಸಿದರೆ ಮೆಸೇಜಿಗೆ ಉತ್ತರ ಬರುತ್ತಿರಲಿಲ್ಲ, ತಾನೇ ಫೋನು ಮಾಡುತ್ತಿದ್ದ. "ಟೈಪು ಮಾಡೋದೆಲ್ಲ ಪರಕೀಯರ ಜೊತೆ. ನಿನ್ನ ಜೊತೆ ಮಾತಾಡಬೇಕು ಅನಿಸುತ್ತೆ." ಇಷ್ಟು ದೊಡ್ಡ ಮನುಷ್ಯ ತಾನೇ ಫೋನು ಮಾಡುತ್ತಾನಲ್ಲ ಎಂದು ಅವಳಿಗೆ ಸಂಕೋಚವಾಗುತ್ತಿತ್ತು.

ಒಮ್ಮೆ ಮಗಳ ಶಾಲೆಯ ಫೀಸಿಗೆ ತೀರಾ ಕಷ್ಟವಾಗಿ, ಪೂರ್ತಿ ಆಗದಿದ್ದರೆ ಸ್ವಲ್ಪವಾದರೂ ಕೊಡಿ ಎಂದು ಕೇಳಿದಳು. ಸಕ್ಕರೆ ಕೈ ಮುಗಿದ. "ಚಿಲ್ಲರೆ ಕೊಟ್ಟು ನಿನಗೆ ಅವಮಾನ ಮಾಡಲ್ಲ ತಂಗಿ. ಕೊಟ್ಟರೆ ಪೂರ್ತಿ ಕೊಡ್ತೀನಿ."

ಅತ್ತೆಗೆ ಮೊದಲಿಂದಲೂ ಅನುಮಾನ. "ಮಾತು ಬಾಯಿಂದ ಬಂದು ಗಾಳಿಗೆ ಹೋಗುತ್ತೆ ಕಣೇ. ಬರೆಸಿಕೊಂಡು ಬಾ," ಎಂದು ತಿಂಗಳು ತಿಂಗಳೂ ಹೇಳಿ, ಕೊನೆಗೆ ತಾವೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ 'ಇಷ್ಟು ಹಣ ಕೊಡಬೇಕಾಗಿರುವುದು ನಿಜ' ಎಂದು ಬರೆದು ಕೊಟ್ಟರು. ಅವಳು ಅದನ್ನು ಮೇಜಿನ ಮೇಲಿಟ್ಟಾಗ ಸಕ್ಕರೆ ಓದಿ ನೋಡಿದ. ಕನ್ನಡಕ ತೆಗೆದು ಒರೆಸಿದ. "ನಮ್ಮಿಬ್ಬರ ಮಧ್ಯೆ ಪೇಪರು ಬಂತಲ್ಲ ತಂಗಿ. ಇದೊಂದು ನಾನು ಅಂದುಕೊಂಡಿರಲಿಲ್ಲ," ಎಂದ. ಅವಳು ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಅಷ್ಟೇ ಅಲ್ಲ, ಕ್ಷಮೆ ಕೇಳಿದಳು. "ತಪ್ಪು ತಿಳ್ಕೋಬೇಡಿ ಸಾರ್, ನಮ್ಮತ್ತೆ ಹಳೇ ಕಾಲದವರು," ಎಂದಳು.

ಈ ಮಾತನ್ನು ನಮ್ಮ ಕಚೇರಿಯಲ್ಲಿ ಹೇಳುವಾಗ ಅವಳ ದನಿ ಎಷ್ಟು ಇಳಿಯಿತೆಂದರೆ ವಕೀಲರು ಫ್ಯಾನು ಆರಿಸಬೇಕಾಯಿತು.

ನಮ್ಮಲ್ಲಿಗೆ ಬರುವ ಹಿಂದಿನ ದಿನ, ಎಂದಿನಂತೆ ಮೊದಲ ಸೋಮವಾರ, ಅವಳು ಮಂದಿರಕ್ಕೆ ಹೋಗಿದ್ದಳು. ಸಕ್ಕರೆ ಏಳಲಿಲ್ಲ. ಕಾಫಿಯೂ ಬರಲಿಲ್ಲ. ಯಾವುದೋ ಬಿಲ್ಲು ನೋಡುತ್ತಲೇ, "ಆ ಲೆಕ್ಕ ಮುಗೀತಲ್ಲಮ್ಮ," ಎಂದ. ತಂಗಿ ಹೋಗಿ ಅಮ್ಮ ಆಗಿತ್ತು.

"ಯಾರು ಕೊಟ್ರು ಸಾರ್ ದುಡ್ಡು?"

"ಕೊಟ್ಟೆ ಅಂತ ನಾನೆಲ್ಲಿ ಹೇಳ್ದೆ? ಟೈಮ್ ಮುಗೀತು ಅಂದೆ. ಮೂರು ವರ್ಷದ ಒಳಗೆ ಕೋರ್ಟಿಗೆ ಹೋಗದಿದ್ರೆ ಕೇಳೋ ಹಾಗಿಲ್ಲ. ಕಾನೂನೇ ಹಾಗಿದೆ. ನಾನು ಮಾಡಿದ್ದಲ್ಲ."

"ನೀವೇ ಅಲ್ವಾ ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ..."

"ಎಲ್ಲಿದೆ ಹಾಗಂತ?" ಎಂದು ಆತ ಈಗ ತಲೆಯೆತ್ತಿದ. "ತೋರಿಸು."

ಆತನ ಹಿಂದಿನ ಗೋಡೆಯ ಮೇಲೆ ಕ್ಯಾಲೆಂಡರಿತ್ತು. ಕಳೆದ ತಿಂಗಳ ಹಾಳೆಯನ್ನು ಇನ್ನೂ ತಿರುಗಿಸಿರಲಿಲ್ಲ. ಅದರಲ್ಲಿ ಒಂದು ತಾರೀಖಿನ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಸುತ್ತು. ಕೆಳಗಿನ ಕುರ್ಚಿಗಳ ಕೆಲಸ ಮುಗಿದು ಅಂದಿಗೆ ಸರಿಯಾಗಿ ಮೂರು ವರ್ಷ. ಹನ್ನೊಂದು ದಿನದ ಹಿಂದಿನ ತಾರೀಖು. ಅಂದರೆ ಕಾಫಿ ಕುಡಿಸಿದ ದಿನಗಳಲ್ಲೆಲ್ಲ, ಮಗಳ ಕ್ಲಾಸು ಕೇಳಿದ ದಿನಗಳಲ್ಲೆಲ್ಲ ಈತ ದಿನ ಎಣಿಸುತ್ತಿದ್ದ. ಅವಳಿಗೆ ಕಣ್ಣು ಕತ್ತಲೆ ಬಂದದ್ದು ಆಗ. ಹಣ ಹೋಯಿತೆಂದಲ್ಲ. ಆ ಸುತ್ತು ಅಷ್ಟು ಅಚ್ಚುಕಟ್ಟಾಗಿತ್ತು.

ಅವಳು ಮನೆಗೆ ಬಂದು ಹೇಳಿದಾಗ ಅತ್ತೆ ರೆಕ್ಸಿನ್ ಕುಯ್ಯುವ ಚಾಕು ಹಿಡಿದು ಹೊರಟೇಬಿಟ್ಟಿದ್ದರು. "ನಾನೂರ ಹನ್ನೆರಡೂ ಸೀಳಿ ಬರ್ತೀನಿ. ಹೊದಿಸಿದ ಕೈಗೆ ಬಿಚ್ಚೋಕೂ ಬರುತ್ತೆ." ಮಗ ಬಾಗಿಲಿಗೆ ಅಡ್ಡ ನಿಂತು ತಡೆದ. ಅವನು ಹೆಂಡತಿಗೆ ಸಮಾಧಾನ ಹೇಳಲು ಹೋಗಿ, "ಹೋಗ್ಲಿ ಬಿಡೇ, ನಮ್ಮ ಹಣೇಲಿ ಬರೆದಿರಲಿಲ್ಲ," ಎಂದ. ಅವಳು ಅವನನ್ನು ಒಂದು ಗಳಿಗೆ ನೋಡಿದಳು. "ಹಣೇಲಿ ಅಲ್ಲ ರೀ, ಪೇಪರಲ್ಲಿ ಬರೆದಿರಲಿಲ್ಲ," ಎಂದಳು.

ಮರುದಿನ ಅತ್ತೆ-ಸೊಸೆ ನಮ್ಮ ಮೆಟ್ಟಿಲು ಹತ್ತಿದ್ದು ಹೀಗೆ.

ನಮ್ಮ ವಕೀಲರು ಸುತ್ತಿ ಬಳಸಿ ಮಾತಾಡುವವರಲ್ಲ. "ಆತ ಹೇಳಿದ್ದು ನಿಜ," ಎಂದುಬಿಟ್ಟರು. "ಕೆಲಸ ಮುಗಿದ ದಿನದಿಂದ ಮೂರು ವರ್ಷ. ಅಷ್ಟರೊಳಗೆ ದಾವೆ ಹಾಕಬೇಕು. ಸಾಲ ಸತ್ತಿಲ್ಲಮ್ಮ, ಆತ ನಿಮಗೆ ಕೊಡಬೇಕಾದ್ದು ಕೊಡಬೇಕಾದ್ದೇ. ಆದರೆ ಅದನ್ನ ಕೋರ್ಟಲ್ಲಿ ಕೇಳೋ ಬಾಗಿಲು ಮುಚ್ಚಿತು."

"ನಾನು ಪ್ರತಿ ತಿಂಗಳೂ ಹೋಗಿ ಕೇಳಿದೀನಲ್ಲ ಮೇಡಂ. ಸುಮ್ನೆ ಕೂತಿರಲಿಲ್ಲ."

"ಕೇಳಿದ್ರೆ ಗಡಿಯಾರ ನಿಲ್ಲಲ್ಲ. ಆ ಮೂರು ವರ್ಷದ ಒಳಗೆ ಯಾವತ್ತಾದ್ರೂ, ಹೌದು ಇಷ್ಟು ಕೊಡಬೇಕು ಅಂತ ಆತ ಬರೆದು ಸಹಿ ಹಾಕಿದ್ರೆ ಅವತ್ತಿಂದ ಮತ್ತೆ ಹೊಸದಾಗಿ ಮೂರು ವರ್ಷ ಶುರು ಆಗ್ತಿತ್ತು. ಇಲ್ಲಾ ಸ್ವಲ್ಪ ಹಣ ಕೊಟ್ಟು ಅದಕ್ಕೆ ಸಹಿ ಹಾಕಿದ್ರೂ ಆಗ್ತಿತ್ತು. ಒಂದು ನೋಟು ಕೊಟ್ಟಿದ್ರೂ ಸಾಕಿತ್ತು."

ಚಿಲ್ಲರೆ ಕೊಟ್ಟು ಅವಮಾನ ಮಾಡಲ್ಲ ಎಂದು ಕೈಮುಗಿದದ್ದು, ಮೆಸೇಜು ಮಾಡದೆ ಫೋನು ಮಾಡಿದ್ದು, ಪೇಪರು ನೋಡಿ ಕನ್ನಡಕ ಒರೆಸಿದ್ದು, ಎಲ್ಲದರ ಅರ್ಥ ಅವಳಿಗೆ ಒಟ್ಟಿಗೇ ಆಯಿತು. ನಾನು ಎದುರಿಗೇ ಇದ್ದೆ. ಅವಳ ಕಿವಿಯ ತುದಿಗಳು ಕೆಂಪಾದವು.

ಮಾತೆಲ್ಲ ಅತ್ತೆಯದು. "ಇಂಥ ಕಾನೂನು ಯಾವನು ಮಾಡಿದ? ಕೊಡದವನಿಗೆ ಮೂರು ವರ್ಷ ಓಡಿ ತಪ್ಪಿಸ್ಕೋ ಅಂತ ಮಾಡಿದ್ದಾ?"

"ಅಜ್ಜಿ, ಅದಕ್ಕೂ ಕಾರಣ ಇದೆ," ಎಂದರು ವಕೀಲರು. "ವರ್ಷ ಹೋದಂಗೆ ಸಾಕ್ಷಿಗಳು ಸಾಯ್ತಾರೆ, ಕಾಗದ ಕಳೆದುಹೋಗುತ್ತೆ, ನೆನಪು ಅಳಿಸುತ್ತೆ. ಇಪ್ಪತ್ತು ವರ್ಷದ ಹಿಂದಿನ ಸಾಲ ಅಂತ ಯಾರೋ ಬಂದು ನಿಮ್ಮ ಮೇಲೆ ಕೇಸು ಹಾಕಿದ್ರೆ? ಅದಕ್ಕೇ ಒಂದು ಮಿತಿ."

"ನಾನು ಸತ್ತಿಲ್ಲ," ಎಂದರು ಅತ್ತೆ, ಮೇಜು ಗುದ್ದಿ. "ಇವಳು ಸತ್ತಿಲ್ಲ. ಕುರ್ಚಿ ಸತ್ತಿಲ್ಲ. ಇವತ್ತು ಸಂಜೆ ಆಟಕ್ಕೂ ನಾನೂರ ಹನ್ನೆರಡು ಜನ ಅದರ ಮೇಲೆ ಕುಂಡೆ ಊರ್ತಾರೆ. ಇನ್ನು ಯಾವ ಸಾಕ್ಷಿ ಬೇಕು ನಿಮ್ಮ ಕೋರ್ಟಿಗೆ?"

ವಕೀಲರು ಅವಳು ತಂದಿದ್ದ ಕಾಗದಗಳನ್ನು ಎಳೆದುಕೊಂಡರು. ಅಂಗಡಿಯ ತಂತಿ ಕೊಕ್ಕೆಗೆ ಚುಚ್ಚಿಟ್ಟಿದ್ದ ಚೀಟಿಗಳವು, ನಡುವೆ ತೂತು. ಒಂದೊಂದನ್ನೇ ತಿರುವುತ್ತಿದ್ದವರು ಒಂದು ಕಡೆ ನಿಂತರು. "ಇದೇನು? ಬಾಲ್ಕನಿದು ಬೇರೆ ಆರ್ಡರಾ?"

"ಹೂಂ. ಅವರೇ ಬೇರೆ ಮಾಡಿಸಿದ್ದು. ರೇಟು ಇಳಿಸೋಕೆ."

ವಕೀಲರು ತಾರೀಖು ನೋಡಿದರು, ಬೆರಳು ಮಡಿಸಿ ಎಣಿಸಿದರು, ಮತ್ತೆ ಎಣಿಸಿದರು. "ಇದಕ್ಕೆ ಇನ್ನೂ ಇಪ್ಪತ್ತೆಂಟು ದಿನ ಇದೆ," ಎಂದರು. "ಆತನ ಕ್ಯಾಲೆಂಡರಲ್ಲಿ ಎರಡಕ್ಕೂ ಸೇರಿ ಒಂದೇ ಸುತ್ತು ಬಿದ್ದಿದೆ."

ಎಂಬತ್ತಾರು ಕುರ್ಚಿ. ನಾನೂರ ತೊಂಬತ್ತೆಂಟರಲ್ಲಿ ಎಂಬತ್ತಾರು. ನಾನಾಗಿದ್ದರೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಸಂತೋಷಪಡುತ್ತಿದ್ದೆನೇನೋ. ಅವಳು ಮಾತ್ರ, "ಹಾಗಾದ್ರೆ ಅದನ್ನ ಹಾಕಿ. ಇವತ್ತೇ," ಎಂದಳು. ಇವತ್ತೇ ಆಗುವುದಿಲ್ಲ, ಕೋರ್ಟಿನ ಶುಲ್ಕ ಕಟ್ಟಬೇಕು, ಆರ್ಡರಿನ ಮೂಲ ಪ್ರತಿ ಬೇಕು ಎಂದು ವಕೀಲರು ತಿಳಿಸಿ, ಒಂದು ಮಾತನ್ನು ಒತ್ತಿ ಹೇಳಿದರು: "ಫೈಲು ಆಗೋವರೆಗೂ ಆ ಮಂದಿರದ ಕಡೆ ತಲೆ ಹಾಕಬೇಡಿ. ಒಂದಕ್ಷರ ಬಾಯಿ ಬಿಡಬೇಡಿ."

ಆ ಮಾತು ಅತ್ತೆಯ ಬಾಯಲ್ಲಿ ಎರಡು ದಿನ ನಿಂತಿತು. ಮೂರನೇ ದಿನ ಮಂದಿರದ ಮುಂದೆ ಹಾದುಹೋಗುವಾಗ ಸಕ್ಕರೆ ಕಾರಿನಿಂದ ಇಳಿಯುವುದು ಕಣ್ಣಿಗೆ ಬಿತ್ತು. ಟಿಕೆಟ್ಟಿಗೆ ಸಾಲು ನಿಂತವರ ಎದುರಿಗೇ ಅತ್ತೆ ಶುರು ಮಾಡಿದರು. "ನೋಡ್ರಪ್ಪ, ಇವರು ಕೂಲಿ ಕೊಡದ ಕುರ್ಚಿ ಮೇಲೆ ನಿಮ್ಮನ್ನ ಕೂರಿಸಿ ದುಡ್ಡು ತಗೋತಾರೆ!" ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಮುಗೀತು ಅಂದ್ಕೊಂಡ್ಯಾ? ಬಾಲ್ಕನಿಗೆ ಇನ್ನೂ ಜೀವ ಇದೆ ಕಣೋ! ವಕೀಲರೇ ಹೇಳಿದ್ದಾರೆ!"

ಸಕ್ಕರೆಗೆ ಅಷ್ಟು ಸಾಕಾಯಿತು. ಮಧ್ಯಾಹ್ನವೇ ಅವಳ ಫೋನು ಬಡಿದುಕೊಂಡಿತು. ಅಮ್ಮ ಹೋಗಿ ಮತ್ತೆ ತಂಗಿ ಆಗಿತ್ತು.

"ತಂಗಿ, ಅವತ್ತು ಏನೋ ತಲೆ ಕೆಟ್ಟಿತ್ತು, ಒರಟಾಗಿ ಮಾತಾಡಿಬಿಟ್ಟೆ. ಬಾಲ್ಕನಿದು ನಾನು ಕೊಡ್ತೀನಿ. ಕೋರ್ಟು ಗೀರ್ಟು ಯಾಕೆ ನಮಗೆ? ವಕೀಲರಿಗೆ ಸುರಿಯೋ ದುಡ್ಡು ನಿನಗೇ ಇರಲಿ. ಐದು ವಾರ ಕೊಡು ನನಗೆ. ಐದೇ ವಾರ."

ಅವಳು ಆಗ ಡಾಕ್ಟರೊಬ್ಬರ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದಳು. ಬಾಯಲ್ಲಿ ಮೊಳೆಗಳಿದ್ದವು. ಒಂದೊಂದೇ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಐದು ವಾರ ಎಂದರೆ ಮೂವತ್ತೈದು ದಿನ. ಉಳಿದಿರುವುದು ಇಪ್ಪತ್ತೈದು.

"ಆಗ್ಲಿ ಸಾರ್," ಎಂದಳು. "ಹಾಗಂತ ಬರೆದು ಸಹಿ ಹಾಕಿ ಕೊಡಿ. ಕೆಳಗಿನದನ್ನೂ ಸೇರಿಸಿ ಬರೀರಿ. ಸಂಜೆ ನಾನೇ ಬಂದು ತಗೊಂಡು ಹೋಗ್ತೀನಿ."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಸಾರ್?"

"ನೀನು ಬಹಳ ಬದಲಾಗಿದೀಯ ತಂಗಿ," ಎಂದ ಆತ.

"ಹೌದು," ಎಂದು ಅವಳು ಫೋನು ಇಟ್ಟಳು. ಮೊಳೆಗಳು ಅಂಗೈಗೆ ಚುಚ್ಚಿ ರಕ್ತ ಬಂದಿತ್ತು. ಅತ್ತೆಯ ಕಡೆ ತಿರುಗಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಬೈದಳು. ಏನು ಬೈದಳೋ ನನಗೆ ಇಬ್ಬರೂ ಹೇಳಲಿಲ್ಲ. ಅತ್ತೆ ಎರಡು ದಿನ ಊಟಕ್ಕೆ ಕರೆದಾಗ ಮಾತ್ರ ಬಾಯಿ ತೆರೆದರಂತೆ.

ಇನ್ನು ಏಳು ದಿನ ಉಳಿದಿರುವಾಗ ದಾವೆ ಫೈಲಾಯಿತು. ವಾದಪತ್ರ ಟೈಪು ಮಾಡಿದವಳು ನಾನೇ. ಶುಲ್ಕದ ಹಣವನ್ನು ಗಂಡ ತಂದುಕೊಟ್ಟ. ಹಣೆಬರಹದ ಮಾತಾಡಿದ ತಪ್ಪಿಗೋ ಏನೋ, ಡಿಪೋಗೆ ರಜೆ ಹಾಕಿ ಕೋರ್ಟಿನ ಕಿಟಕಿಯ ಮುಂದೆ ತಾನೇ ಸಾಲಲ್ಲಿ ನಿಂತ.

ಆಮೇಲಿನ ಒಂದೂವರೆ ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ವಾಯಿದೆ, ಮತ್ತೆ ವಾಯಿದೆ. ಪ್ರತಿ ವಾಯಿದೆಗೂ ಅಂಗಡಿ ಮುಚ್ಚಬೇಕು. ಸಕ್ಕರೆಯ ವಕೀಲ ಎರಡೂ ಒಂದೇ ಕೆಲಸ, ಎಲ್ಲ ಕೆಳಗಿನದರ ಜೊತೆಗೇ ಮುಗಿದಿತ್ತು, ಬಾಲ್ಕನಿಯ ಕಾಲವೂ ಮೀರಿದೆ ಎಂದು ವಾದ ಮಾಡಿದ. ಎರಡು ಆರ್ಡರು ಬರೆಸಿದ್ದು ತಾನೇ ಎಂಬುದು ಸಕ್ಕರೆಗೆ ಮರೆತುಹೋಗಿತ್ತು, ಅಥವಾ ಮರೆತಂತೆ ಇತ್ತು. ಅವಳ ಪಾಟೀಸವಾಲಿನ ದಿನ ನಾನು ಫೈಲು ಹಿಡಿದು ಹಿಂದೆ ಕೂತಿದ್ದೆ.

"ಕೆಳಗಡೆ ಕುರ್ಚಿಗಳ ಹಣಕ್ಕೆ ನೀವು ಕೇಸು ಹಾಕಿಲ್ಲ. ಸರಿಯಾ?" ಎಂದು ಆ ವಕೀಲ ಕೇಳಿದ.

"ಸರಿ."

"ಅಂದರೆ ಆ ಹಣ ನಿಮಗೆ ಬಂದಿದೆ."

"ಬಂದಿಲ್ಲ."

"ಬಂದಿಲ್ಲ ಅಂದ್ರೆ ಯಾಕೆ ಹಾಕಲಿಲ್ಲ?"

ಅವಳ ದನಿ ಇಳಿಯಿತು. ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಇವರು ಕಾಫಿ ಕೊಟ್ರು ಸಾರ್," ಎಂದಳು. "ಮೂವತ್ತಾರು ಸಲ ಕೊಟ್ರು. ಕುಡಿದೆ. ಅದಕ್ಕೇ ಹಾಕಲಿಲ್ಲ."

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಆದರೆ ಆ ವಿಷಯ ನಮ್ಮ ಮುಂದೆ ಇಲ್ಲಮ್ಮ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಎಂದರು. ಅವಳು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನೂರ ಹನ್ನೆರಡು ಕುರ್ಚಿಯ ಮಾತನ್ನು ಅಲ್ಲಿ ಆಡಲು ಅವಳಿಗೆ ಸಿಕ್ಕಿದ್ದು ಅಷ್ಟೇ ಅವಕಾಶ.

ಕೊನೆಗೆ ಮ್ಯಾನೇಜರನ್ನು ಕರೆಸಿದರು. ತೆಳ್ಳಗಿನ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಮನುಷ್ಯ. ಚೀಟಿ ತೋರಿಸಿದಾಗ ಅವರು ಮೊದಲು ಸಕ್ಕರೆಯ ಮುಖ ನೋಡಿದರು, ಆಮೇಲೆ ಚೀಟಿ ನೋಡಿದರು. "ಸಹಿ ನಂದು," ಎಂದರು. ಸ್ವಲ್ಪ ತಡೆದು, "ತಾರೀಖೂ ನಾನೇ ಬರೆದದ್ದು. ಅವತ್ತೇ ಕೆಲಸ ಮುಗಿದದ್ದು," ಎಂದರು. ಅಷ್ಟು ಹೇಳಲು ಆ ಮನುಷ್ಯನಿಗೆ ಎಷ್ಟು ಕಷ್ಟವಾಯಿತೆಂಬುದು ಅವರ ಬೆವರಲ್ಲಿ ಕಾಣುತ್ತಿತ್ತು. ಮುಂದಿನ ತಿಂಗಳು ಅವರ ಕೆಲಸ ಹೋಯಿತು.

ಬಾಲ್ಕನಿಯ ಹಣ ಬಡ್ಡಿ, ಖರ್ಚು ಸಮೇತ ಕೊಡಬೇಕೆಂದು ತೀರ್ಪಾಯಿತು. ಸಕ್ಕರೆ ಆಗಲೂ ಕೊಡಲಿಲ್ಲ. ಮಂದಿರದ ಪ್ರೊಜೆಕ್ಟರನ್ನು ಜಪ್ತಿ ಮಾಡಿಸುವ ಅರ್ಜಿ ನಾನು ಟೈಪು ಮಾಡಿ, ಕೋರ್ಟಿನ ಅಮೀನರು ನೋಟೀಸು ಹಿಡಿದು ಹೋದ ಮೇಲೆ ಕಟ್ಟಿದ. ಆ ಹಣದಲ್ಲಿ ಒಂದು ಹಳೆಯ ಹೊಲಿಗೆ ಮೆಷೀನು ಬಂತು. ಮಾರಿದ ಮೆಷೀನಿನಷ್ಟು ಒಳ್ಳೆಯದಲ್ಲ. ಬೆರಳಿನ ಗಂಟು ಹಾಗೇ ಇದೆ.

ಕೆಳಗಿನ ಕುರ್ಚಿಗಳ ಹಣ ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಆದರೆ ಅವಳು ಸುಮ್ಮನೆ ಕೂರಲಿಲ್ಲ. ಮಂದಿರದ ರಿಪೇರಿಯಲ್ಲಿ ದುಡಿದವರು ಇನ್ನೂ ಇದ್ದರು: ಗೋಡೆಗೆ ಬಣ್ಣ ಹೊಡೆದವನು, ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ಅವರ ಕೆಲಸ ಕುರ್ಚಿಗಿಂತ ತಡವಾಗಿ ಮುಗಿದಿತ್ತು, ಅವರಿಗೂ ಬಾಕಿ, ಅವರಿಗೂ ಕಾಫಿ. ದಾವೆ ಹಾಕಿದ ವಾರವೇ ಅವಳು ಇಬ್ಬರ ಮನೆಗೂ ಹೋದಳು. ನಮಸ್ಕಾರ, ಕ್ಷೇಮಸಮಾಚಾರ ಏನೂ ಇಲ್ಲ. ಬಾಗಿಲಲ್ಲೇ ನಿಂತು, "ಯಾವ ತಾರೀಖಿಗೆ ಕೆಲಸ ಮುಗಿಸಿದ್ರಿ?" ಎಂದು ಕೇಳಿದಳಂತೆ. ಬಣ್ಣದವನು ನಂಬಲಿಲ್ಲ. "ಅವರು ಅಂಥವರಲ್ಲಕ್ಕ, ನನ್ನನ್ನ ತಮ್ಮ ಅಂತಾರೆ," ಎಂದ. ಅವನ ಮೂರು ವರ್ಷ ಹಾಗೇ ಹೋಯಿತು. ಎಲೆಕ್ಟ್ರಿಷಿಯನ್ ನಂಬಿದ. ಅವನಿಗೆ ಇನ್ನೂ ಎರಡು ತಿಂಗಳಿತ್ತು. ಹೋಗಿ ಸಕ್ಕರೆಯ ಸಹಿ ಕೇಳಿದ, ಆತ ಕೊಡಲಿಲ್ಲ, ಮರುವಾರವೇ ನಮ್ಮಲ್ಲಿಗೆ ಬಂದು ದಾವೆ ಹಾಕಿದ. ಸಕ್ಕರೆ ಒಂದೇ ಸಮಯಕ್ಕೆ ಎರಡು ಕೇಸು ಬೇಡವೆಂದೋ ಏನೋ ಅವನಿಗೆ ಪೂರ್ತಿ ಹಣ ಕೊಟ್ಟು ರಾಜಿ ಮಾಡಿಕೊಂಡ. ಕುರ್ಚಿಯಕ್ಕನ ತೀರ್ಪು ಬರುವುದಕ್ಕೆ ಒಂದು ವರ್ಷ ಮೊದಲೇ.

ಹೋದ ತಿಂಗಳು ನಮ್ಮ ಕಚೇರಿಯ ಕುರ್ಚಿಯ ಸ್ಪ್ರಿಂಗು ಎದ್ದಿತ್ತು. ತೆಗೆದುಕೊಂಡು ಹೋಗಿ ಕೊಟ್ಟು, ಮಾತಾಡುತ್ತ ಕೂತಿದ್ದಾಗ ಎಲೆಕ್ಟ್ರಿಷಿಯನ್ನನ ಹೆಂಡತಿ ಹಣ್ಣಿನ ಬುಟ್ಟಿ ಹಿಡಿದು ಬಂದಳು. ಸಿಕ್ಕ ಹಣದಲ್ಲಿ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿದ್ದರಂತೆ. "ನಿಮ್ಮಿಂದಲೇ ಅಕ್ಕ. ನೀವು ಹೇಳದಿದ್ರೆ ನಮ್ಮದೂ ಮುಳುಗ್ತಿತ್ತು," ಎಂದು ಎರಡೆರಡು ಸಲ ಹೇಳಿದಳು.

"ಒಳ್ಳೇದಾಯ್ತು. ಬಹಳ ಸಂತೋಷ," ಎಂದಳು ಕುರ್ಚಿಯಕ್ಕ. ಬುಟ್ಟಿ ತೆಗೆದುಕೊಂಡಳು, ನಕ್ಕಳು, ಬಾಗಿಲವರೆಗೂ ಹೋಗಿ ಕಳಿಸಿಬಂದಳು.

ಬಂದು ಕೂತವಳು ನನ್ನ ಕುರ್ಚಿಯ ಹಳೆಯ ರೆಕ್ಸಿನ್ನನ್ನು ಒಂದೇ ಎಳೆತಕ್ಕೆ ಕಿತ್ತಳು. "ಸಂತೋಷ ಅಂದೆ," ಎಂದಳು ನನಗೆ, ಕಿವಿ ಹತ್ತಿರ ತಂದರಷ್ಟೇ ಕೇಳುವ ದನಿಯಲ್ಲಿ. "ಇಲ್ಲ ಕಣೇ. ಅವರ ಮನೆ ಮೇಲೆ ಕೋಣೆ ಎದ್ದಿತು ಅಂತ ಕೇಳಿದ ತಕ್ಷಣ ಹೊಟ್ಟೆ ಉರೀತು. ಅವರೇನು ಮಾಡಿದಾರೆ ಪಾಪ? ಆದ್ರೂ ಉರೀತು. ಆ ಮನುಷ್ಯ ನನ್ನನ್ನ ಹೀಗೆ ಮಾಡಿಟ್ಟ ನೋಡು. ದುಡ್ಡಿಗಿಂತ ಅದಕ್ಕೇ ನನಗೆ ಸಿಟ್ಟು."

ಒಳಗಿನಿಂದ ಅತ್ತೆ, "ಹಣ್ಣು ತೊಳೆದಿದೀನಿ, ಬನ್ನಿ ಇಬ್ಬರೂ," ಎಂದು ಕೂಗಿದರು. ಅವಳು ಏಳಲಿಲ್ಲ. ಕುರ್ಚಿಯನ್ನು ಮಗುಚಿ ಹಾಕಿ, ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದಳು.